ಮರ ಕಡಿಯದೆ ಕಾಡು ತೂಗುವ ಲೆಕ್ಕ

ಪ್ರಶ್ನೆ: ಕಾಡುಗಳು ಹಿಡಿದಿಟ್ಟುಕೊಂಡಿರುವ ಇಂಗಾಲದ ಬಗ್ಗೆ ಓದುವಾಗಲೆಲ್ಲ ಗೊಂದಲವಾಗುತ್ತದೆ. ಒಂದೇ ಬಗೆಯ ಕಾಡಿಗೆ ಒಬ್ಬರು ಹೆಕ್ಟೇರಿಗೆ 140 ಟನ್ ಎನ್ನುತ್ತಾರೆ, ಇನ್ನೊಬ್ಬರು 300, ಮತ್ತೊಬ್ಬರು 500ಕ್ಕೂ ಹೆಚ್ಚು. ಮರ ಕಡಿಯದೆ ಅದರ ತೂಕ ಹೇಗೆ ಗೊತ್ತಾಗುತ್ತದೆ? ಉಪಗ್ರಹಗಳಿರುವ ಕಾಲದಲ್ಲೂ ಟೇಪು ಹಿಡಿದು ಕಾಡು ಅಲೆಯಬೇಕೆ? ಹಳೆಯ ಕಾಡು ಬೆಳೆಯುವುದನ್ನು ನಿಲ್ಲಿಸಿರುತ್ತದೆ, ಅದನ್ನು ತೆಗೆದು ಎಳೆಯ ಗಿಡ ನೆಟ್ಟರೆ ಹೆಚ್ಚು ಇಂಗಾಲ ಹೀರುತ್ತವೆ ಎಂಬ ವಾದ ಸರಿಯೇ?

ಉತ್ತರ: ಮೊದಲು ಆ ಮೂರು ಸಂಖ್ಯೆಗಳನ್ನು ಬಿಡಿಸೋಣ, ಏಕೆಂದರೆ ಮೂರೂ ಒಂದೇ ಕಾಡಿನವಾಗಿರಬಹುದು. ಒಂದು ಹೆಕ್ಟೇರಿನ ಮರಗಳನ್ನೆಲ್ಲ ಒಣಗಿಸಿ ತೂಗಿದರೆ 300 ಟನ್ ಬರುತ್ತದೆ ಎಂದಿಟ್ಟುಕೊಳ್ಳಿ. ಅದು ಜೀವರಾಶಿ. ಒಣಮರದ ತೂಕದಲ್ಲಿ ಇಂಗಾಲದ ಪಾಲು ಶೇ 47ರ ಆಸುಪಾಸು. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2006ರ ಮಾರ್ಗಸೂಚಿಯಲ್ಲಿ ಕೊಟ್ಟ ಪ್ರಮಾಣವಿದು. ಅದಕ್ಕೂ ಮೊದಲು ಸಲೀಸಾಗಿ ಅರ್ಧ ಎಂದುಬಿಡುತ್ತಿದ್ದರು. ಅಲ್ಲಿಗೆ ಇಂಗಾಲ 141 ಟನ್. ಆ ಇಂಗಾಲ ಸುಟ್ಟು ಗಾಳಿ ಸೇರಿದರೆ ಆಮ್ಲಜನಕದೊಂದಿಗೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ: 12 ಭಾಗ ಇಂಗಾಲದಿಂದ 44 ಭಾಗ ಡೈಆಕ್ಸೈಡ್, ಅಂದರೆ 3.67 ಪಟ್ಟು. ಲೆಕ್ಕ 517 ಟನ್ನಿಗೆ ಏರಿತು. ಸುದ್ದಿಗಳಲ್ಲಿ ಈ ಮೂರೂ ‘ಇಂಗಾಲ’ ಎಂಬ ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಹಾಗಾಗಿ ಯಾವುದೇ ಅಂಕಿ ಕಂಡಾಗ ನಾನು ಮೊದಲು ನೋಡುವುದು ಅದರ ಹಿಂದಿರುವ ಪದವನ್ನು, ಆಮೇಲೆ ಅಂಕಿಯನ್ನು.

ಇನ್ನು ತೂಗುವ ವಿಚಾರ. ಕಾಡಿನೊಳಗೆ ಹೋದವರು ಅಳೆಯುವುದು ಇಂಗಾಲವನ್ನಲ್ಲ, ಮರದ ಸುತ್ತಳತೆಯನ್ನು. ನೆಲದಿಂದ 1.3 ಮೀಟರ್ ಎತ್ತರದಲ್ಲಿ (ಕೆಲವು ಕಡೆ 1.37), ಹೆಚ್ಚುಕಡಿಮೆ ಎದೆಮಟ್ಟದಲ್ಲಿ, ಕಾಂಡಕ್ಕೆ ಟೇಪು ಸುತ್ತುತ್ತಾರೆ. ಬಂದ ಸಂಖ್ಯೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ. ಉಳಿದದ್ದೆಲ್ಲ ಈ ಒಂದು ಅಳತೆಯ ಮೇಲೆ ಎಬ್ಬಿಸಿದ ಕಟ್ಟಡ.

ಆ ಕಟ್ಟಡಕ್ಕೆ ಅಡಿಪಾಯ ಹಾಕಲು ಯಾರೋ ಎಲ್ಲೋ ಮರ ಕಡಿದಿರಲೇಬೇಕು. ಕಡಿಯುವ ಮೊದಲು ವ್ಯಾಸ, ಎತ್ತರ ಬರೆದುಕೊಂಡು, ಉರುಳಿಸಿ, ಕಾಂಡ, ಕೊಂಬೆ, ಎಲೆಗಳನ್ನು ಬೇರೆಬೇರೆಯಾಗಿ ತೂಗಿ, ತುಂಡುಗಳನ್ನು ಒಲೆಯಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸುತ್ತಾರೆ. ಹಸಿಮರದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ, ಅದು ಲೆಕ್ಕಕ್ಕಿಲ್ಲ. ಹೀಗೆ ನೂರಾರು ಮರಗಳ ವ್ಯಾಸವನ್ನು ಅವುಗಳ ಒಣತೂಕದ ಜೊತೆ ಜೋಡಿಸಿದರೆ ಒಂದು ಸಮೀಕರಣ ಸಿಗುತ್ತದೆ. ಅದಾದ ಮೇಲೆ ಬೇರೆಡೆಯ ಮರವನ್ನು ಕಡಿಯಬೇಕಿಲ್ಲ, ಸುತ್ತಳತೆ ಸಾಕು.

ಉಷ್ಣವಲಯದ ಕಾಡುಗಳಿಗೆ ಇಂದು ಹೆಚ್ಚು ಬಳಕೆಯಲ್ಲಿರುವ ಸಮೀಕರಣಗಳಲ್ಲಿ ಒಂದನ್ನು ಜೆರೋಮ್ ಶಾವ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಅದರ ಹಿಂದೆ 58 ತಾಣಗಳಲ್ಲಿ ಕಡಿದು ತೂಗಿದ 4,004 ಮರಗಳಿವೆ. ಬಳಸುವುದು ಕಷ್ಟವೇನಲ್ಲ. ಮರದ ಸಾಂದ್ರತೆ, ವ್ಯಾಸದ ವರ್ಗ, ಎತ್ತರ ಈ ಮೂರನ್ನು ಗುಣಿಸಿ, ಬಂದದ್ದನ್ನು 0.976ರ ಘಾತಕ್ಕೆ ಏರಿಸಿ, 0.0673ರಿಂದ ಗುಣಿಸಿದರೆ ನೆಲದ ಮೇಲಿನ ಒಣತೂಕ ಕಿಲೋಗ್ರಾಂನಲ್ಲಿ ಬರುತ್ತದೆ. ಸುತ್ತಳತೆ 94 ಸೆಂಟಿಮೀಟರ್ ಇರುವ, ಅಂದರೆ ವ್ಯಾಸ 30 ಸೆಂಟಿಮೀಟರ್, ಎತ್ತರ 20 ಮೀಟರ್, ಸಾಂದ್ರತೆ ಘನ ಸೆಂಟಿಮೀಟರಿಗೆ 0.6 ಗ್ರಾಂ ಇರುವ ಮರವನ್ನು ತೆಗೆದುಕೊಳ್ಳಿ. ಒಣತೂಕ ಸುಮಾರು 580 ಕಿಲೋ. ಅದರಲ್ಲಿ ಇಂಗಾಲ 273 ಕಿಲೋ. ಡೈಆಕ್ಸೈಡ್ ಲೆಕ್ಕದಲ್ಲಿ ಹೇಳಿದರೆ ಒಂದು ಟನ್. ತೋಳಲ್ಲಿ ತಬ್ಬಬಹುದಾದ ಒಂದು ಮರ, ಒಂದು ಟನ್. ನೆನಪಿನಲ್ಲಿ ಇಟ್ಟುಕೊಳ್ಳಲು ಇದಕ್ಕಿಂತ ಅನುಕೂಲದ ಅಳತೆ ನನಗೆ ಸಿಕ್ಕಿಲ್ಲ.

ಅದೇ ಸಾಂದ್ರತೆಯ 10 ಸೆಂಟಿಮೀಟರ್ ವ್ಯಾಸದ, 10 ಮೀಟರ್ ಎತ್ತರದ ಎಳೆಮರಕ್ಕೆ ಲೆಕ್ಕ ಹಾಕಿ: 35 ಕಿಲೋ. ಅಂದರೆ ನಮ್ಮ ಮೊದಲ ಮರವನ್ನು ಸರಿದೂಗಿಸಲು ಇಂಥ ಸುಮಾರು 17 ಮರ ಬೇಕು. 60 ಸೆಂಟಿಮೀಟರ್ ವ್ಯಾಸದ, 28 ಮೀಟರ್ ಎತ್ತರದ ಮರಕ್ಕೆ ಹಾಕಿ: 3,100 ಕಿಲೋ ದಾಟುತ್ತದೆ, 90 ಎಳೆಮರಗಳ ತೂಕ. ಎಷ್ಟು ಗಿಡ ನೆಟ್ಟೆವು, ಎಷ್ಟು ಮರ ಕಡಿದೆವು ಎಂಬ ತಲೆ ಎಣಿಕೆ ಇಂಗಾಲದ ಲೆಕ್ಕದಲ್ಲಿ ಯಾಕೆ ನಿಲ್ಲುವುದಿಲ್ಲ ಎನ್ನುವುದು ಇಷ್ಟರಲ್ಲೇ ತಿಳಿಯುತ್ತದೆ. ಜೇಮ್ಸ್ ಲುಟ್ಜ್ ಮತ್ತು ಅನೇಕ ಸಂಗಡಿಗರು 2018ರಲ್ಲಿ ಪ್ರಪಂಚದ 48 ದೊಡ್ಡ ಅಧ್ಯಯನ ತಾಕುಗಳ (ಅಳತೆಗೆಂದು ಗೆರೆ ಹಾಕಿ ಗುರುತಿಸಿದ ಕಾಡಿನ ತುಂಡುಗಳ) ಲೆಕ್ಕ ಒಟ್ಟುಗೂಡಿಸಿದಾಗ ಕಂಡದ್ದು ಇದು: ಗಾತ್ರದಲ್ಲಿ ಮೇಲಿನ ಶೇ 1ರಷ್ಟು ಮರಗಳಲ್ಲೇ ನೆಲದ ಮೇಲಿನ ಜೀವರಾಶಿಯ ಅರ್ಧದಷ್ಟಿದೆ. ಹೆಮ್ಮರವೊಂದು ಅಳತೆಯ ಗೆರೆಯ ಒಳಗೆ ಬಿತ್ತೋ ಹೊರಗೆ ಉಳಿಯಿತೋ ಎನ್ನುವುದೇ ಚಿಕ್ಕ ತಾಕಿನ ಫಲಿತಾಂಶವನ್ನು ತಲೆಕೆಳಗು ಮಾಡಬಲ್ಲದು. ಅದಕ್ಕೇ ದಟ್ಟ ಕಾಡುಗಳಲ್ಲಿ ಒಂದು ಹೆಕ್ಟೇರಿನಷ್ಟು ದೊಡ್ಡ ತಾಕು ಹಾಕಲು ಇಷ್ಟಪಡುತ್ತಾರೆ.

ಸಮೀಕರಣ ನೋಡಲು ನಿಖರವಾಗಿ ಕಾಣುತ್ತದೆ, ದಶಮಾಂಶದ ನಂತರ ನಾಲ್ಕು ಅಂಕಿ ಬೇರೆ. ಮೋಸ ಹೋಗಬೇಡಿ. ಟೇಪಿನಲ್ಲಿ ವ್ಯಾಸ 30ರ ಬದಲು 31 ಎಂದು ಬಂದರೆ ತೂಕ ಶೇ 6ಕ್ಕಿಂತ ಹೆಚ್ಚು ಏರುತ್ತದೆ. ಎತ್ತರವನ್ನು 20ರ ಬದಲು 22 ಮೀಟರ್ ಎಂದುಕೊಂಡರೆ ಸುಮಾರು ಶೇ 10. ದಟ್ಟ ಕಾಡಿನ ನೆಲದಲ್ಲಿ ನಿಂತು ಕತ್ತೆತ್ತಿದರೆ ತುದಿ ಕಾಣುವುದೇ ಇಲ್ಲ. ಎದುರಿನ ಮರದ ಕೊಂಬೆಯನ್ನೇ ಈ ಮರದ ನೆತ್ತಿ ಎಂದು ಅಳೆದವರು ಬಹಳ ಮಂದಿ, ನಾನೂ ಸೇರಿ. ಸಾಂದ್ರತೆಯ ವಿಷಯ ಇನ್ನೂ ದೊಡ್ಡದು. ಬಾಲ್ಸಾದಂಥ ಬೆಂಡುಮರದ ಸಾಂದ್ರತೆ 0.15ರ ಸುತ್ತ, ನೀರಿನಲ್ಲಿ ಮುಳುಗುವ ಗಟ್ಟಿಮರಗಳದ್ದು 1ಕ್ಕೂ ಮೇಲೆ. ಒಂದೇ ಗಾತ್ರ, ತೂಕ ಆರು ಪಟ್ಟು ಬೇರೆ. ಆದ್ದರಿಂದ ಮರದ ಜಾತಿ ಗುರುತಿಸುವವರು ತಂಡದಲ್ಲಿಲ್ಲದಿದ್ದರೆ ಎಷ್ಟು ಒಳ್ಳೆಯ ಟೇಪಿದ್ದರೂ ಪ್ರಯೋಜನ ಕಡಿಮೆ. ಬುಡದಲ್ಲಿ ಹಲಗೆ ಬೇರುಗಳು ರೆಕ್ಕೆಯಂತೆ ಹರಡಿದ ಮರಗಳಲ್ಲಿ ಎದೆಮಟ್ಟದಲ್ಲಿ ಟೇಪು ಸುತ್ತಿದರೆ ಗಾಳಿಯನ್ನೂ ಮರವೆಂದು ಅಳೆದಂತಾಗುತ್ತದೆ; ಬೇರು ಮುಗಿದ ಮೇಲೆ ಅರ್ಧ ಮೀಟರ್ ಎತ್ತರಕ್ಕೆ ಏಣಿ ಹಾಕಿ ಏರಬೇಕು. ಪೊಟರೆ ಬಿದ್ದ ಹಳೆಯ ಮರಗಳ ಒಳಗಿನ ಟೊಳ್ಳು ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಇಳಿಜಾರಿನ ತಪ್ಪನ್ನು ನಾನೇ ಮಾಡಿದ್ದೇನೆ. ಗುಡ್ಡದ ಮೈಮೇಲೆ ಹಗ್ಗ ಎಳೆದು ತಾಕು ಗುರುತು ಮಾಡಿ ಮೂರು ದಿನ ಮರ ಅಳೆದ ಮೇಲೆ ಹಿರಿಯರೊಬ್ಬರು ಬಂದು, ಇದು ಒಂದು ಹೆಕ್ಟೇರ್ ಅಲ್ಲವಲ್ಲ ಎಂದರು. 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ 100 ಮೀಟರ್ ಎಳೆದ ಹಗ್ಗ ನಕ್ಷೆಯಲ್ಲಿ 87 ಮೀಟರ್ ಮಾತ್ರ. ಕಾಡಿನ ವಿಸ್ತೀರ್ಣವನ್ನು ನಕ್ಷೆಯ ಮೇಲೆ ಅಳೆಯುತ್ತೇವೆ, ತಾಕನ್ನು ಗುಡ್ಡದ ಮೇಲೆ. ಎರಡನ್ನೂ ಗುಣಿಸಿದರೆ ಶೇ 13ರಷ್ಟು ಇಂಗಾಲ ಕಾಣೆಯಾಗುತ್ತದೆ.

ಇವೆಲ್ಲ ಕೈಯಳತೆಯ ತಪ್ಪುಗಳು, ಹುಷಾರಾಗಿದ್ದರೆ ಕಡಿಮೆಯಾಗುತ್ತವೆ. ನನಗೆ ಹೆಚ್ಚು ಯೋಚನೆ ಹತ್ತಿಸಿರುವುದು ಸಮೀಕರಣದ ಒಳಗೇ ಅಡಗಿರುವ ತಪ್ಪು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ವೈಟಮ್ ವುಡ್ಸ್ ಪ್ರಪಂಚದಲ್ಲೇ ಅತಿ ಹೆಚ್ಚು ಅಧ್ಯಯನಗೊಂಡ ಕಾಡುಗಳಲ್ಲಿ ಒಂದು. ಕಿಮ್ ಕಾಲ್ಡರ್ಸ್ ಮತ್ತು ಸಂಗಡಿಗರು ಅಲ್ಲಿ ನೆಲದ ಮೇಲೆ ಲೇಸರ್ ಯಂತ್ರ ನಿಲ್ಲಿಸಿ, ಪ್ರತಿ ಮರದ ಕಾಂಡ ಕೊಂಬೆಗಳ ಮೂರು ಆಯಾಮದ ರೂಪ ತೆಗೆದು, ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿ ತೂಕ ಕಂಡುಹಿಡಿದರು. 2022ರಲ್ಲಿ ಪ್ರಕಟವಾದ ಆ ಲೆಕ್ಕ, ಚಾಲ್ತಿಯಲ್ಲಿದ್ದ ಸಮೀಕರಣ ಕೊಡುತ್ತಿದ್ದುದರ 1.77 ಪಟ್ಟು ಬಂತು. ಸುತ್ತಳತೆಯನ್ನು ಯಾರೂ ತಪ್ಪಾಗಿ ಅಳೆದಿರಲಿಲ್ಲ. ಸಮೀಕರಣ ಹುಟ್ಟಿದ್ದು ಚಿಕ್ಕ ಮರಗಳನ್ನು ಕಡಿದು ತೂಗಿದ ಲೆಕ್ಕದಿಂದ. ದೊಡ್ಡ ಮರ ಕಡಿಯುವುದು, ತೂಗುವುದು ಎರಡೂ ದುಬಾರಿ, ಹಾಗಾಗಿ ಎಲ್ಲೆಡೆಯೂ ಇಂಥ ಅಧ್ಯಯನಗಳಲ್ಲಿ ಅವು ವಿರಳ. ಚಿಕ್ಕವುಗಳಿಂದ ಕಲಿತದ್ದನ್ನು ದೊಡ್ಡವುಗಳಿಗೆ ಎಳೆದು ಹಚ್ಚಿದಾಗ ಹೆಚ್ಚಿನ ಇಂಗಾಲ ಇರುವಲ್ಲೇ ಲೆಕ್ಕ ಜಾರುತ್ತದೆ. ಇದನ್ನು ನೋಡಿ ಎಲ್ಲ ಕಾಡುಗಳ ಲೆಕ್ಕವೂ ಅರ್ಧಕ್ಕರ್ಧ ಕಡಿಮೆ ಎಂದು ತೀರ್ಮಾನಿಸಬೇಡಿ. ಬೇರೆಡೆ ಸಮೀಕರಣ ಚೆನ್ನಾಗಿಯೇ ಹೊಂದಿಕೊಂಡದ್ದಿದೆ. ಆದರೆ ಯಾವ ಮರಗಳಿಂದ ಬಂದ ಸಮೀಕರಣ ಎಂದು ಕೇಳದೆ ಬಳಸುವುದನ್ನು ನಾನಂತೂ ಒಪ್ಪುವುದಿಲ್ಲ.

ಎಷ್ಟು ತಾಕು ಬೇಕು ಎನ್ನುವುದಕ್ಕೆ ಒಂದು ಒರಟು ಲೆಕ್ಕವಿದೆ. ತಾಕಿನಿಂದ ತಾಕಿಗೆ ಇಂಗಾಲ ಶೇ 40ರಷ್ಟು ಏರಿಳಿಯುತ್ತಿದ್ದರೆ, ಸರಾಸರಿಯನ್ನು ಶೇ 10ರ ಆಚೀಚೆಯೊಳಗೆ ಹಿಡಿಯಲು 64 ತಾಕು ಬೇಕು. ಶೇ 20 ಸಾಕೆಂದರೆ 16.

ಇಷ್ಟೆಲ್ಲ ಆದರೂ ನಾವಿನ್ನೂ ಕಾಂಡ ಕೊಂಬೆಗಳಲ್ಲೇ ಇದ್ದೇವೆ. ಕಾಡಿನ ಇಂಗಾಲವನ್ನು ಐದು ಕಣಜಗಳಲ್ಲಿ ಎಣಿಸುವುದು ರೂಢಿ: ನೆಲದ ಮೇಲಿನ ಸಸ್ಯ, ಬೇರು, ಬಿದ್ದ ಮತ್ತು ನಿಂತಲ್ಲೇ ಸತ್ತ ಮರ, ತರಗೆಲೆ, ಮಣ್ಣು. ಬೇರನ್ನು ಅಗೆದು ತೂಗುವವರು ಅಪರೂಪ. ಸಾಮಾನ್ಯವಾಗಿ ಮೇಲಿನ ತೂಕದ ನಾಲ್ಕನೇ ಒಂದೋ ಐದನೇ ಒಂದೋ ಭಾಗ ಎಂದು ಸೇರಿಸುತ್ತಾರೆ, ಒಣ ಪ್ರದೇಶಗಳಲ್ಲಿ ಇನ್ನೂ ಹೆಚ್ಚು. ಕೊರಡುಗಳನ್ನು ಗಟ್ಟಿ, ಅರೆಕೊಳೆತ, ಪುಡಿಯಾಗುವಷ್ಟು ಕೊಳೆತ ಎಂದು ವಿಂಗಡಿಸುತ್ತಾರೆ. ಕತ್ತಿಯಿಂದ ಒಮ್ಮೆ ಹೊಡೆದು ನೋಡಿದರೆ ಗೊತ್ತಾಗುತ್ತದೆ.

ಮಣ್ಣೇ ಬೇರೆ ಪ್ರಪಂಚ. ಮೇಲಿನ 30 ಸೆಂಟಿಮೀಟರ್ ಮಣ್ಣನ್ನು ಒಂದು ಹೆಕ್ಟೇರಿಗೆ ಲೆಕ್ಕ ಹಾಕಿದರೆ 3,000 ಘನ ಮೀಟರ್. ಘನ ಮೀಟರಿಗೆ 1.2 ಟನ್ ತೂಗಿದರೆ 3,600 ಟನ್ ಮಣ್ಣು. ಅದರಲ್ಲಿ ಶೇ 2 ಇಂಗಾಲವಿದ್ದರೆ 72 ಟನ್. ಆದರೆ ಅದರ ಐದನೇ ಒಂದು ಭಾಗ ಕಲ್ಲಾಗಿದ್ದರೆ? 58 ಟನ್ನಿಗೆ ಇಳಿಯುತ್ತದೆ. ಪ್ರಯೋಗಾಲಯಕ್ಕೆ ಕಳಿಸುವ ಚೀಲದಲ್ಲಿ ಕಲ್ಲು ಆರಿಸಿ ಬಿಸಾಡಿರುತ್ತೇವಲ್ಲ, ಆ ಕಲ್ಲಿನ ಲೆಕ್ಕ ಬರೆದಿಡುವುದನ್ನು ಮರೆಯುವುದು ಬಲು ಸಾಮಾನ್ಯ. ಇನ್ನೊಂದು ವಿಚಿತ್ರವಿದೆ. ಯಂತ್ರಗಳೋ ದನಗಳೋ ತುಳಿದು ಮಣ್ಣು ಬಿಗಿಯಾದರೆ ಅದೇ 30 ಸೆಂಟಿಮೀಟರಿನಲ್ಲಿ ಹೆಚ್ಚು ಮಣ್ಣು ತುಂಬಿಕೊಳ್ಳುತ್ತದೆ. ಕಾಗದದ ಮೇಲೆ ಇಂಗಾಲ ಹೆಚ್ಚಾಯಿತು ಎಂದು ಬರುತ್ತದೆ, ನಿಜದಲ್ಲಿ ಆಗಿರುವುದು ಕಾಡಿಗೆ ಪೆಟ್ಟು. ಆಳದ ಬದಲು ಸಮಾನ ತೂಕದ ಮಣ್ಣನ್ನು ಹೋಲಿಸಿದರೆ ಈ ಮೋಸ ತಪ್ಪುತ್ತದೆ.

ಎಷ್ಟು ಆಳದವರೆಗೆ ಎಂಬ ಪ್ರಶ್ನೆ ಇಡೀ ಭೂಮಿಯ ಲೆಕ್ಕವನ್ನೇ ಅಲುಗಾಡಿಸುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2020ರಲ್ಲಿ ಪ್ರಪಂಚದ 406 ಕೋಟಿ ಹೆಕ್ಟೇರ್ ಕಾಡಿನಲ್ಲಿ 662 ಶತಕೋಟಿ ಟನ್ ಇಂಗಾಲವಿದೆ ಎಂದಿತು. ಯೂಡೆ ಪಾನ್ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟದ್ದು 861 ಶತಕೋಟಿ ಟನ್. ಎರಡರಲ್ಲೂ ತಪ್ಪಿದೆ ಎಂದಲ್ಲ. ಪಾನ್ ತಂಡ ಮಣ್ಣನ್ನು ಒಂದು ಮೀಟರ್ ಆಳದವರೆಗೆ ಎಣಿಸಿತ್ತು. ಆಯಾ ದೇಶಗಳು ಕಳಿಸುವ ಅಂಕಿಗಳಲ್ಲಿ ಆಳ ಸಾಮಾನ್ಯವಾಗಿ ಅಷ್ಟಿರುವುದಿಲ್ಲ. ವ್ಯತ್ಯಾಸದ ಒಂದು ಭಾಗ ಅಲ್ಲಿಯೇ ಇದೆ. ಪಾನ್ ತಂಡದ ಲೆಕ್ಕದ ಪ್ರಕಾರ ಉಷ್ಣವಲಯದ ಕಾಡುಗಳಲ್ಲಿ ಇಂಗಾಲದ ಅರ್ಧಕ್ಕಿಂತ ಹೆಚ್ಚು ಮರಗಿಡಗಳಲ್ಲಿದೆ, ಉತ್ತರದ ಶೀತ ಕಾಡುಗಳಲ್ಲಿ ಶೇ 20 ಮಾತ್ರ. ಅಲ್ಲಿ ಶೇ 60 ಮಣ್ಣಿನದ್ದು. ಎತ್ತರದ ಮರ ಕಂಡಲ್ಲಿ ಇಂಗಾಲವೂ ಹೆಚ್ಚೆಂಬ ನಮ್ಮ ಕಣ್ಣಂದಾಜು ಒಮ್ಮೊಮ್ಮೆ ಸರಿ: ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹಳೆಯ ನೀಲಗಿರಿ ಜಾತಿಯ ಹೆಮ್ಮರಗಳ ಕಾಡೊಂದರಲ್ಲಿ ಹೆಕ್ಟೇರಿಗೆ 1,867 ಟನ್ ಇಂಗಾಲವಿದೆ ಎಂದು 2009ರ ಅಧ್ಯಯನ ಕಂಡುಕೊಂಡಿತು. ಒಮ್ಮೊಮ್ಮೆ ಪೂರಾ ತಪ್ಪು: ಇಂಡೋ-ಪೆಸಿಫಿಕ್ ಕರಾವಳಿಯ ಮ್ಯಾಂಗ್ರೋವ್ ಕಾಡುಗಳಲ್ಲಿ ಸರಾಸರಿ ಹೆಕ್ಟೇರಿಗೆ ಸಾವಿರ ಟನ್ನಿಗೂ ಮೇಲೆ ಎಂದು 2011ರಲ್ಲಿ ತಿಳಿಯಿತು, ಅದರ ಬಹುಪಾಲು ಕೆಸರಿನೊಳಗಿತ್ತು. ಮಧ್ಯ ಕಾಂಗೊ ಜಲಾನಯನದ ಜೌಗು ಕಾಡಿನ ಕೆಳಗೆ ಸುಮಾರು 30 ಶತಕೋಟಿ ಟನ್ ಇಂಗಾಲದ ಪೀಟ್ (ನೀರಿನಡಿ ಅರೆಕೊಳೆತು ಶೇಖರವಾದ ಸಸ್ಯಭಾಗ) ಪದರವಿದೆ ಎಂಬುದು ಹೊರಬಿದ್ದದ್ದು 2017ರಲ್ಲಿ. ಮೊಣಕಾಲುದ್ದ ಕೆಸರಿನಲ್ಲಿ ಹೂತುಕೊಂಡು ಕೊಳವೆ ಇಳಿಸುತ್ತ ಹೋದವರಿಗೆ ಮಾತ್ರ ಸಿಗುವ ವಿಷಯ ಅದು.

ಈಗ ಉಪಗ್ರಹ. ನಿಮ್ಮ ಪ್ರಶ್ನೆಯಲ್ಲಿ ಸ್ವಲ್ಪ ಅಸಹನೆ ಕಂಡಿತು, ಅದು ಸಹಜವೇ. ಆದರೆ ಯಾವ ಉಪಗ್ರಹವೂ ಇಂಗಾಲವನ್ನು ನೋಡುವುದಿಲ್ಲ. ಸಾಮಾನ್ಯ ಕ್ಯಾಮೆರಾ ಹಸಿರನ್ನು ನೋಡುತ್ತದೆ. ಎಲೆಯ ಹೊದಿಕೆ ಒಮ್ಮೆ ಮುಚ್ಚಿಕೊಂಡರೆ ಹತ್ತು ವರ್ಷದ ಕಾಡೂ ಇನ್ನೂರು ವರ್ಷದ ಕಾಡೂ ಅದಕ್ಕೆ ಒಂದೇ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2018ರ ಕೊನೆಯಲ್ಲಿ ಅಳವಡಿಸಿದ ನಾಸಾದ ಗೆಡಿ ಉಪಕರಣ ಲೇಸರ್ ಮಿಡಿತಗಳನ್ನು ಕೆಳಗೆ ಬಿಟ್ಟು, ಸುಮಾರು 25 ಮೀಟರ್ ಅಗಲದ ಒಂದೊಂದು ಮಚ್ಚೆಯಲ್ಲಿ ಎತ್ತರವನ್ನೂ ಎಲೆಕೊಂಬೆಗಳ ಪದರಗಳನ್ನೂ ಅಳೆಯುತ್ತದೆ. ರೇಡಾರ್ ಮೋಡದೊಳಗಿಂದಲೂ ನೋಡಬಲ್ಲದು, ಆದರೆ ತರಂಗ ಎಷ್ಟು ಉದ್ದ ಎನ್ನುವುದರ ಮೇಲೆ ಅದು ಎಷ್ಟು ಒಳಗೆ ಇಳಿಯುತ್ತದೆ ಎನ್ನುವುದು ನಿಂತಿದೆ. 2025ರ ಜುಲೈನಲ್ಲಿ ಇಸ್ರೋ ಮತ್ತು ನಾಸಾ ಜಂಟಿಯಾಗಿ ಹಾರಿಸಿದ ನಿಸಾರ್‌ನ ಎಲ್-ಬ್ಯಾಂಡ್ ತರಂಗ ಸುಮಾರು 24 ಸೆಂಟಿಮೀಟರಿನದ್ದು. ಹೆಕ್ಟೇರಿಗೆ ನೂರು ಟನ್ ಜೀವರಾಶಿಯ ಆಸುಪಾಸು ದಾಟಿದ ಮೇಲೆ ಈ ಬಗೆಯ ಸಂಕೇತಕ್ಕೆ ಹೆಚ್ಚು ಕಡಿಮೆಯ ಭೇದ ತಿಳಿಯುವುದು ಕಷ್ಟ. ಅದೇ ವರ್ಷದ ಏಪ್ರಿಲ್‌ನಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಕಳಿಸಿದ ಬಯೋಮಾಸ್ ಉಪಗ್ರಹದ ತರಂಗ ಸುಮಾರು 70 ಸೆಂಟಿಮೀಟರ್. ಎಲೆ, ಸಣ್ಣ ಕೊಂಬೆಗಳನ್ನು ದಾಟಿ ಕಾಂಡಗಳವರೆಗೆ ಇಳಿಯುತ್ತದೆ. ತಮಾಷೆಯೆಂದರೆ ಅದು ಯುರೋಪಿನ ಕಾಡನ್ನೇ ಅಳೆಯುವಂತಿಲ್ಲ, ಉತ್ತರ ಅಮೆರಿಕದ್ದನ್ನೂ ಅಳೆಯುವಂತಿಲ್ಲ. ಆ ತರಂಗವನ್ನೇ ಬಳಸುವ ರಕ್ಷಣಾ ರೇಡಾರ್‌ಗಳಿಗೆ ಅಡ್ಡಿಯಾಗುತ್ತದೆಂದು ನಿರ್ಬಂಧವಿದೆ.

ಇವೆಲ್ಲ ಕೊಡುವುದು ಎತ್ತರ ಅಥವಾ ಮರಳಿದ ಸಂಕೇತದ ಬಲ. ಅದನ್ನು ಟನ್ನಿಗೆ ಪರಿವರ್ತಿಸಲು ನೆಲದ ತಾಕು ಬೇಕು, ತಾಕಿಗೆ ಟೇಪು ಬೇಕು, ಟೇಪಿಗೆ ಆ ಕಡಿದ ಮರಗಳ ಸಮೀಕರಣ ಬೇಕು. ಸಮೀಕರಣದಲ್ಲಿ ತಪ್ಪಿದ್ದರೆ ಉಪಗ್ರಹ ಅದನ್ನು ತಿದ್ದುವುದಿಲ್ಲ, ಖಂಡದುದ್ದಕ್ಕೂ ಬಣ್ಣಬಣ್ಣದ ನಕ್ಷೆಯಾಗಿ ಹರಡುತ್ತದೆ. ಎಲ್ಲಿ ಕಾಡು ಹೋಯಿತು ಎಂದು ಹೇಳುವುದರಲ್ಲಿ ಉಪಗ್ರಹಕ್ಕೆ ಸಾಟಿಯಿಲ್ಲ. ಅಲ್ಲಿ ಎಷ್ಟಿತ್ತು ಎನ್ನುವುದಕ್ಕೆ ಅದು ನೆಲದವರ ಬಾಯಿಯನ್ನೇ ನೋಡಬೇಕು.

ಕೊನೆಯದಾಗಿ ಹಳೆಯ ಕಾಡು. ಈ ವಾದದಲ್ಲಿ ದಾಸ್ತಾನು ಮತ್ತು ಹರಿವು ಕಲಸಿಹೋಗಿವೆ. ಹಳೆಯ ಕಾಡಿನಲ್ಲಿ ಹೆಕ್ಟೇರಿಗೆ 200 ಟನ್ ಇಂಗಾಲವಿದೆ, ಅದನ್ನು ತೆಗೆದು ನೆಟ್ಟ ತೋಪು ವರ್ಷಕ್ಕೆ 5 ಟನ್ ಹೀರುತ್ತದೆ ಎನ್ನಿ. ಎಳೆಯದು ವೇಗವಾಗಿ ಹೀರುತ್ತದೆ ಎನ್ನುವುದು ನಿಜವೇ. ಆದರೆ ಕಳೆದದ್ದನ್ನು ತುಂಬಲು 40 ವರ್ಷ ಬೇಕು. ಕಡಿದ ಮರದ ಒಂದಷ್ಟು ತೊಲೆ ಹಲಗೆಯಾಗಿ ಉಳಿಯುತ್ತದೆ, ಒಪ್ಪೋಣ; ಬೇರು, ಕೊಂಬೆ, ಬುಡ ಅಲ್ಲೇ ಕೊಳೆಯುತ್ತವೆ ಇಲ್ಲವೇ ಸುಡಲ್ಪಡುತ್ತವೆ. ಅದೇ ತೋಪನ್ನು ಹತ್ತು ವರ್ಷಕ್ಕೊಮ್ಮೆ ಕಡಿಯುತ್ತಿದ್ದರೆ ಕಡಿಯುವ ದಿನ 50 ಟನ್, ಮರುದಿನ ಸೊನ್ನೆ; ಸರಾಸರಿ ದಾಸ್ತಾನು 25 ಟನ್. 200 ಎಂದೂ ಮರಳುವುದಿಲ್ಲ.

ಹಳೆಯ ಮರ ಬೆಳೆಯುವುದಿಲ್ಲ ಎನ್ನುವುದೂ ಕಣ್ಣಿನ ಮೋಸ. ನೇಟ್ ಸ್ಟೀಫನ್ಸನ್ ಮತ್ತು ಸಂಗಡಿಗರು 2014ರಲ್ಲಿ 403 ಜಾತಿಗಳ ಮರಗಳನ್ನು ಪರಿಶೀಲಿಸಿದಾಗ ಬಹುತೇಕ ಎಲ್ಲದರಲ್ಲೂ ಮರ ದೊಡ್ಡದಾದಷ್ಟೂ ವರ್ಷಕ್ಕೆ ಸೇರಿಸಿಕೊಳ್ಳುವ ತೂಕ ಹೆಚ್ಚುತ್ತಿತ್ತು. ದಪ್ಪ ಕಾಂಡದ ಸುತ್ತ ತೆಳುವಾದ ಉಂಗುರವೂ ಬಹಳ ಮರವೇ. ಇದನ್ನು ಇಡೀ ಕಾಡಿಗೆ ಹಚ್ಚುವಾಗ ಮಾತ್ರ ಎಚ್ಚರ ಬೇಕು: ದೊಡ್ಡ ಮರಗಳಿರುವಲ್ಲಿ ಮರಗಳ ಸಂಖ್ಯೆ ಕಡಿಮೆ, ಅವು ಸತ್ತಾಗ ಒಮ್ಮೆಲೇ ದೊಡ್ಡ ಪಾಲು ಕೊಳೆಯಲು ಹೋಗುತ್ತದೆ.

ಹಾಗಾದರೆ ಮುಟ್ಟದೆ ಉಳಿದ ಹಳೆಯ ಕಾಡು ಒಟ್ಟಾರೆ ಹೀರುತ್ತಿದೆಯೇ? ವ್ಯಾನೆಸ್ ಹುಬೌ ಮತ್ತು ಸಂಗಡಿಗರು 2020ರಲ್ಲಿ ಆಫ್ರಿಕಾದ 244 ತಾಕುಗಳನ್ನು ಅಮೆಜಾನಿನ 321 ತಾಕುಗಳ ಪಕ್ಕದಲ್ಲಿಟ್ಟು ನೋಡಿದರು. 2015ರವರೆಗಿನ ಮೂರು ದಶಕ ಆಫ್ರಿಕಾದ ಕಾಡು ವರ್ಷಕ್ಕೆ ಹೆಕ್ಟೇರಿಗೆ 0.66 ಟನ್ ಇಂಗಾಲ ಸೇರಿಸಿಕೊಂಡಿತ್ತು. ಅಮೆಜಾನಿನಲ್ಲಿ 1990ರ ದಶಕದಿಂದಲೇ ಹೀರಿಕೆ ಇಳಿಯುತ್ತಿದೆ. ಲುಸಿಯಾನಾ ಗಟ್ಟಿ ತಂಡ ವಿಮಾನದಿಂದ ಗಾಳಿಯ ಮಾದರಿ ಹಿಡಿದು 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅಮೆಜಾನಿನ ಆಗ್ನೇಯ ಭಾಗ ಹೀರುವುದಕ್ಕಿಂತ ಹೆಚ್ಚು ಹೊರಬಿಡುತ್ತಿತ್ತು.

ಆ 0.66 ಎಂಬ ಸಂಖ್ಯೆಯನ್ನು ಮತ್ತೊಮ್ಮೆ ನೋಡಿ. ಇನ್ನೂರು ಟನ್ನಿನ ದಾಸ್ತಾನಿನಲ್ಲಿ ಮೂರನೇ ಒಂದು ಶೇಕಡಾ. ಕಾಡನ್ನು ಒಮ್ಮೆ ಅಳೆದಾಗಿನ ತಪ್ಪೇ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಎಂದು ಮೇಲೆ ಕಂಡೆವು. ಆದರೂ ಅದನ್ನು ಹಿಡಿಯಲು ಸಾಧ್ಯವಾದದ್ದು, ಅದೇ ತಾಕಿನ ಅದೇ ಮರಗಳಿಗೆ ಮತ್ತೆ ಮತ್ತೆ ಹೋದದ್ದರಿಂದ. ಪನಾಮಾದ ಬಾರೊ ಕೊಲರಾಡೊ ದ್ವೀಪದ 50 ಹೆಕ್ಟೇರ್ ತಾಕಿನಲ್ಲಿ 1980ರ ದಶಕದ ಆರಂಭದಿಂದ, ಒಂದು ಸೆಂಟಿಮೀಟರ್ ದಪ್ಪದ ಸಸಿಯನ್ನೂ ಬಿಡದೆ, ಸುಮಾರು ಐದು ವರ್ಷಕ್ಕೊಮ್ಮೆ ಅಳೆಯುತ್ತಿದ್ದಾರೆ. ಪ್ರತಿ ಮರಕ್ಕೂ ನಂಬರಿನ ಬಿಲ್ಲೆ. ಸಮೀಕರಣದಲ್ಲಿ ತಪ್ಪಿದ್ದರೂ ಎರಡೂ ಸಲ ಅದೇ ತಪ್ಪು, ಕಳೆದಾಗ ಬಹುಪಾಲು ಹೊರಟುಹೋಗುತ್ತದೆ. ಇದಕ್ಕೆಲ್ಲ ಒಂದೇ ಷರತ್ತು, ಟೇಪು ಹಿಂದಿನ ಸಲ ಸುತ್ತಿದ ಜಾಗಕ್ಕೇ ಕೂರಬೇಕು. ಅದಕ್ಕಾಗಿ ಕಾಂಡದ ಮೇಲೆ ಬಣ್ಣದ ಒಂದು ಗೆರೆ ಎಳೆದಿರುತ್ತಾರೆ. ಮಳೆಗೆ ಆ ಗೆರೆ ತೊಳೆದುಹೋಗಿದ್ದರೆ, ಕೈಯಳತೆಯಷ್ಟು ಮೇಲೆ ಕೆಳಗೆ ಟೇಪು ಸುತ್ತಿದರೂ ಐದು ವರ್ಷದ ಬೆಳವಣಿಗೆ ಇದ್ದದ್ದೂ ಇಲ್ಲವಾಗುತ್ತದೆ. ಪ್ರತಿ ಸುತ್ತಿನಲ್ಲೂ ಅಳತೆ ಮುಗಿದ ಮೇಲೆ ಒಬ್ಬರು ಬಣ್ಣದ ಡಬ್ಬಿ ಹಿಡಿದು ಹಿಂದಿನಿಂದ ಬರುತ್ತಾರೆ.